ಎಲಿವೇಟರ್ ಮೀಟರ್ ರಿಪೇರಿ: ಆರ್16, ಆರ್17, ಕಡೆಗೆ ಆರ್1

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿಗೆ ಹಚ್ಚಿದ ಮೀಟರ್ ಇದು. ಎರಡು ಬಕೆಟ್ ಎಲಿವೇಟರ್‌ಗಳ ಮೇಲಿನ ಶಾಫ್ಟ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ನೋಡಬೇಕು. ಬೆಲ್ಟ್ ಜಾರಿ ವೇಗ 75ರ ಶೇ 85ಕ್ಕಿಂತ ಕೆಳಗಿಳಿದರೆ ರಿಲೇ (ಕರೆಂಟ್ ಕಡಿಯುವ ಸ್ವಿಚ್) ಬಿಡಿಸಿ ಫೀಡ್ ನಿಲ್ಲಿಸಬೇಕು. ಜಾರಿದ್ದು ಗೊತ್ತಾಗದೆ ಫೀಡ್ ನಡೆದೇ ಇದ್ದರೆ ಕೆಳಗಿನ ಬೂಟ್‌ನಲ್ಲಿ (ಎಲಿವೇಟರಿನ ತಳದ ಡಬ್ಬಿ) ತೊಗರಿ ತುಂಬಿ ಎಲಿವೇಟರ್ ಜಾಮ್ ಆಗುತ್ತದೆ. ಅದನ್ನು ಕೈಯಿಂದ ಬಗೆದು ತೆಗೆಯಲು ಅರ್ಧ ದಿನ ಬೇಕು.

ಹಳೆಯ ಬೋರ್ಡಿನ ಪ್ರೋಗ್ರಾಂ ಪೂರ್ತಿ ಅಸೆಂಬ್ಲಿಯಲ್ಲಿತ್ತು, ಅಂದರೆ ಚಿಪ್ಪಿನ ಒಂದೊಂದು ಸೂಚನೆಯನ್ನೂ ಕೈಯಿಂದ ಬರೆಯುವ ಭಾಷೆಯಲ್ಲಿ. ಅದರ ಎರಡು ರುಟೀನ್‌ಗಳು (ಕರೆದಾಗ ಒಂದು ಕೆಲಸ ಮಾಡಿ ಹಿಂತಿರುಗುವ ತುಂಡುಗಳು) ವರ್ಷಗಟ್ಟಲೆ ತಪ್ಪಿಲ್ಲದೆ ನಡೆದಿದ್ದವು: 8 ಓದುಗಳ ಸರಾಸರಿ ತೆಗೆಯುವುದು ಒಂದು, 8 ಬಿಟ್ ಗುಣಾಕಾರ ಇನ್ನೊಂದು. ಹೊಸ ಪ್ರೋಗ್ರಾಂ ಸಿ ಭಾಷೆಯಲ್ಲಿ ಬರೆದು ಈ ಎರಡನ್ನು ಇದ್ದ ಹಾಗೆಯೇ ಜೋಡಿಸಿದೆವು. ಕೆಳಗಿನ ತೊಂದರೆಗಳಲ್ಲಿ ಹೆಚ್ಚಿನವು ಆ ಜೋಡಣೆಯಿಂದಲೇ ಬಂದವು. ತಲೆಬರಹದ ಆರ್16, ಆರ್17, ಆರ್1 ಚಿಪ್ಪಿನೊಳಗಿನ ರಿಜಿಸ್ಟರ್‌ಗಳು, ಅಂದರೆ ಲೆಕ್ಕ ನಡೆಯುವಾಗ ಅಂಕಿ ಇಡುವ ಒಂದೊಂದು ಬೈಟಿನ ಗೂಡುಗಳು.

ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ) 9 ದಿನ ಮುಂಚೆ: ಸಾಮಾನು

ಉನೋ ಮಾದರಿ ಬೋರ್ಡ್ (ಎಟಿಮೆಗಾ328ಪಿ, 16 ಮೆಗಾಹರ್ಟ್ಸ್) 420 ರೂ. 12 ಮಿ.ಮೀ. ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಪಲ್ಸ್ ಕೊಡುವಂಥದ್ದು), ಎನ್‌ಪಿಎನ್, ಎರಡಕ್ಕೆ 460. ಪಿಸಿ817 ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ) ಎರಡು, 20. ಐ2ಸಿ ಬೋರ್ಡ್ ಅಂಟಿಸಿದ 16 ಅಕ್ಷರ 2 ಸಾಲಿನ ಎಲ್‌ಸಿಡಿ 220. ರಿಲೇ ಮಾಡ್ಯೂಲ್ 70. 12 ವೋಲ್ಟ್ 2 ಆಂಪ್ ಸಪ್ಲೈ 260. ಧೂಳು ಹೋಗದ ಡಬ್ಬಿ 350. ಶೀಲ್ಡ್ ಇರುವ ಮೂರು ಎಳೆಯ ವೈರ್ 30 ಮೀಟರ್, ಮೀಟರಿಗೆ 22ರಂತೆ 660. ಒಟ್ಟು 2,460 ರೂ. ಇದಲ್ಲದೆ 8 ಚಾನೆಲ್ ಲಾಜಿಕ್ ಅನಲೈಸರ್ (ಪಿನ್‌ಗಳ ಏರಿಳಿತ ದಾಖಲಿಸುವ ಉಪಕರಣ) 750. ಇದು ಮೀಟರಿನ ಭಾಗವಲ್ಲ, ಆದರೆ ಇದಿಲ್ಲದಿದ್ದರೆ ಕೊನೆಯ ದೋಷ ಸಿಗುತ್ತಿರಲಿಲ್ಲ.

ಶಾಫ್ಟಿನ ಫ್ಲ್ಯಾಂಜ್ ಮೇಲೆ 4 ಬೋಲ್ಟ್ ಇವೆ. 75 ಸುತ್ತಿಗೆ ಸೆಕೆಂಡಿಗೆ 5 ಪಲ್ಸ್, ಅಂದರೆ ಪಲ್ಸ್‌ನಿಂದ ಪಲ್ಸ್‌ಗೆ 200 ಮಿಲಿಸೆಕೆಂಡ್. ಚಿಪ್ಪಿನೊಳಗೆ ಸಮಯ ಎಣಿಸುವ ಟೈಮರ್1ಕ್ಕೆ ಮೊದಲು 64ರ ಪ್ರೀಸ್ಕೇಲರ್ (ಎಣಿಕೆಯನ್ನು ಅಷ್ಟು ಪಟ್ಟು ನಿಧಾನಿಸುವ ಭಾಜಕ) ಇಟ್ಟಿದ್ದು ತಪ್ಪು. ಟಿಕ್ 4 ಮೈಕ್ರೊಸೆಕೆಂಡ್ ಆಗಿ 262 ಮಿಲಿಸೆಕೆಂಡಿಗೇ ಟೈಮರ್ ಸುತ್ತು ಹೊಡೆಯುತ್ತದೆ, ಬೆಲ್ಟ್ ಸ್ವಲ್ಪ ಹೆಚ್ಚು ಜಾರಿದರೂ ಲೆಕ್ಕ ಕೆಡುತ್ತದೆ. 256ಕ್ಕೆ ಬದಲಿಸಿದ ಮೇಲೆ ಟಿಕ್ 16 ಮೈಕ್ರೊಸೆಕೆಂಡ್, ಸುತ್ತು 1.05 ಸೆಕೆಂಡಿಗೆ. 75 ಸುತ್ತಿಗೆ 12,500 ಟಿಕ್. ವೇಗ ಬೇಕೆಂದರೆ 9,37,500ನ್ನು ಟಿಕ್‌ನಿಂದ ಭಾಗಿಸಿದರಾಯಿತು.

8 ದಿನ ಮುಂಚೆ: ಮೇಜಿನ ಮೇಲೆ ಸರಿ ಇತ್ತು

ಕಂಪೈಲರ್ (ಸಿ ಬರಹವನ್ನು ಚಿಪ್ಪಿನ ಸೂಚನೆಗಳಾಗಿ ತಿರುಗಿಸುವ ಪ್ರೋಗ್ರಾಂ) ತಾನೇ ಮಾಡುವ ಆಪ್ಟಿಮೈಸೇಶನ್, ಅಂದರೆ ಸೂಚನೆಗಳನ್ನು ಚುರುಕು ಮಾಡುವ ಕೆಲಸ, ಇಲ್ಲದೆ (-ಓ0) ಕಂಪೈಲ್ ಮಾಡಿ, ಇನ್ನೊಂದು ಉನೋದಿಂದ ಸೆಕೆಂಡಿಗೆ 5 ಪಲ್ಸ್ ಕೊಟ್ಟರೆ ಎಲ್‌ಸಿಡಿಯ ಎರಡೂ ಸಾಲಿನಲ್ಲಿ 75. ನಾಲ್ಕು ತಾಸು ಬಿಟ್ಟರೂ ಅಲ್ಲಾಡಲಿಲ್ಲ.

ಇದನ್ನೇ ಪರೀಕ್ಷೆ ಎಂದು ಒಪ್ಪಿಕೊಂಡದ್ದು ಮೊದಲ ತಪ್ಪು. -ಓ0ಯಲ್ಲಿ ಕಂಪೈಲರ್ ಪ್ರತಿಯೊಂದು ವೇರಿಯೇಬಲ್ಲನ್ನೂ ಸ್ಟ್ಯಾಕ್‌ನಲ್ಲೇ (ಒಂದರ ಮೇಲೊಂದು ಪೇರಿಸುವ ಮೆಮೊರಿ) ಇಟ್ಟುಕೊಂಡು, ಬೇಕಾದಾಗ ರಿಜಿಸ್ಟರಿಗೆ ತಂದು, ಕೆಲಸ ಮುಗಿದ ಕೂಡಲೆ ವಾಪಸ್ ಇಡುತ್ತದೆ. ಕರೆಯ ಆಚೆಗೂ ಬೇಕಾದ ಬೆಲೆ ಆರ್16, ಆರ್17ರಲ್ಲಿ ಉಳಿದಿರುವುದೇ ಇಲ್ಲ. ಅಲ್ಲಿ ಯಾರು ಏನು ಕೆಡಿಸಿದರೂ ಕಾಣುವುದಿಲ್ಲ.

7 ದಿನ ಮುಂಚೆ: -ಓಎಸ್, ಎರಡನೇ ಸಾಲು ಖಾಲಿ

ಗಾತ್ರ ಇಳಿಸುವ -ಓಎಸ್‌ಗೆ ಬದಲಿಸಿದ ಕೂಡಲೆ ಮಿಲ್ಲಿನ ಮಿಸ್ತ್ರಿ ನೋಡಿ ಹೇಳಿದ್ದು: "ಎರಡನೇ ಸಾಲು ಹಂಗೇ ಖಾಲಿ ಅದ ರೀ, ಮ್ಯಾಲಿನ ಸಾಲಿನ್ಯಾಗ ಏನೇನೋ ನಂಬರ್ ಓಡ್ಲಕತ್ತಾವ." ಎರಡು ಸೆಕೆಂಡಿಗೊಮ್ಮೆ ಬೋರ್ಡ್ ರೀಸೆಟ್ ಕೂಡ ಆಗುತ್ತಿತ್ತು. ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲು ಟೈಮರ್) 2 ಸೆಕೆಂಡಿಗೆ ಇಟ್ಟಿದ್ದರಿಂದ ಲೂಪ್ ಎಲ್ಲೋ ಸಿಕ್ಕಿಕೊಂಡಿದೆ ಎಂಬುದು ಖಚಿತ.

ಮೊದಲ ಮೂರು ತಾಸು ಎಲ್‌ಸಿಡಿ ಲೈಬ್ರರಿ, ಐ2ಸಿ ವೈರ್, ಸಪ್ಲೈ ಎಂದು ಹುಡುಕಿ ಹಾಳು. -ಓ0ಯಲ್ಲಿ ಸರಿ ಇದ್ದು -ಓಎಸ್‌ನಲ್ಲಿ ಕೆಟ್ಟರೆ ವೈರ್ ಹಿಡಿದು ಕೂರಬಾರದು, ನೇರ ಲಿಸ್ಟಿಂಗ್ (ಕಂಪೈಲರ್ ಮಾಡಿಕೊಟ್ಟ ಸೂಚನೆಗಳ ಪಟ್ಟಿ) ತೆಗೆಯಬೇಕು. ಎವಿಆರ್-ಆಬ್ಜ್‌ಡಂಪ್‌ಗೆ -ಡಿ ಕೊಟ್ಟು ತೆಗೆದ ಲಿಸ್ಟಿಂಗಿನಲ್ಲಿ ಹತ್ತು ನಿಮಿಷಕ್ಕೆ ಸಿಕ್ಕಿತು.

ಎರಡು ಎಲಿವೇಟರಿಗೆ ಸುತ್ತುವ ಲೂಪ್ ಅದು. ಓದುಗಳನ್ನು ಕೂಡಿಡುವ ಬಫರಿನ ಪಾಯಿಂಟರನ್ನು (ಮೆಮೊರಿಯ ವಿಳಾಸ) ಕಂಪೈಲರ್ ಆರ್28-ಆರ್29ರಲ್ಲಿ ಇಟ್ಟಿತ್ತು, ಲೂಪಿನ ಎಣಿಕೆ 'ಐ'ಯನ್ನು ಆರ್17ರಲ್ಲಿ. ನಮ್ಮ ಸರಾಸರಿ ರುಟೀನ್ ಆರ್16ನ್ನು 8ರ ಎಣಿಕೆಗೂ ಆರ್17ನ್ನು ಸೊನ್ನೆ ಇಟ್ಟುಕೊಳ್ಳಲೂ ಬಳಸುತ್ತಿತ್ತು. ಮೊದಲ ಸುತ್ತಿನಲ್ಲಿ 'ಐ' ಹೇಗೂ ಸೊನ್ನೆ, ಹಾನಿ ಇಲ್ಲ. ಎರಡನೇ ಸುತ್ತಿನಲ್ಲಿ 'ಐ' 1 ಇದ್ದದ್ದು ಕರೆಯಿಂದ ಬರುವಷ್ಟರಲ್ಲಿ 0 ಆಯಿತು. ಹಾಗಾಗಿ ಎರಡನೇ ಎಲಿವೇಟರಿನ ಅಂಕಿ ಮೊದಲನೇ ಸಾಲಿಗೆ ಹೋಯಿತು. ಬಳಿಕ ಒಂದು ಕೂಡಿ ಮತ್ತೆ 1. ಅದು 2 ಎಂದಿಗೂ ಆಗುವುದಿಲ್ಲ, ಲೂಪ್ ಮುಗಿಯುವುದೂ ಇಲ್ಲ. ಪಾಯಿಂಟರ್ ಮಾತ್ರ ಸುತ್ತಿಗೆ 16 ಬೈಟಿನಂತೆ ಮುಂದೆ ಮುಂದೆ ನಡೆದು, ಇದ್ದಬದ್ದ ಮೆಮೊರಿಯನ್ನೆಲ್ಲ ಸುತ್ತು-ಪ್ರತಿ-ನಿಮಿಷ ಎಂದು ತೋರಿಸುತ್ತಿತ್ತು.

ಕಂಪೈಲರಿನ ತಪ್ಪು ಇಲ್ಲಿ ಏನೂ ಇಲ್ಲ. ಬೇರೆ ಫೈಲಿನಲ್ಲಿರುವ ಫಂಕ್ಷನ್ನಿನ ಒಳಗೆ ಏನಿದೆ ಎಂದು ಅದು ನೋಡಲಾರದು. ಅದಕ್ಕೇ ಎಲ್ಲರೂ ಪಾಲಿಸಬೇಕಾದ ಒಂದು ಹಂಚಿಕೆ ಇದೆ. ಈ ಚಿಪ್ಪಿನ ಕಂಪೈಲರ್ ಆದ ಎವಿಆರ್-ಜಿಸಿಸಿಯಲ್ಲಿ ಅದು ಹೀಗೆ: ಆರ್2ರಿಂದ ಆರ್17, ಮತ್ತೆ ಆರ್28, ಆರ್29, ಒಟ್ಟು 18 ರಿಜಿಸ್ಟರ್, ಕರೆಸಿಕೊಂಡ ಫಂಕ್ಷನ್ ಇದ್ದ ಹಾಗೆಯೇ ಹಿಂತಿರುಗಿಸಬೇಕು. ಮುಟ್ಟಬೇಕಾದರೆ ಮೊದಲು ಸ್ಟ್ಯಾಕಿಗೆ ಪುಶ್ (ಎತ್ತಿಡುವುದು), ಹೊರಡುವ ಮುಂಚೆ ಪಾಪ್ (ಮರಳಿ ತೆಗೆಯುವುದು). ಆರ್18ರಿಂದ ಆರ್27, ಆರ್30, ಆರ್31, ಈ 12ನ್ನು ಕೇಳದೆ ಕೆಡಿಸಬಹುದು. ಅಲ್ಲಿ ಬೇಕಾದದ್ದಿದ್ದರೆ ಕರೆಯುವವನೇ ಕರೆಗೆ ಮುಂಚೆ ಎತ್ತಿಟ್ಟುಕೊಳ್ಳಬೇಕು. ಆರ್0 ಎಲ್ಲರ ಚಿಲ್ಲರೆ ಕೆಲಸಕ್ಕೆ. ಆರ್1ರಲ್ಲಿ ಯಾವಾಗಲೂ ಸೊನ್ನೆ ಇರಬೇಕು.

ಹಳೆಯ ಅಸೆಂಬ್ಲಿಯಲ್ಲಿ ಎಲ್ಲೆಲ್ಲೂ ಆರ್16, ಆರ್17 ಯಾಕೆ ಬರುತ್ತವೆ ಎಂದರೆ, ಅಂಕಿಯನ್ನು ನೇರ ತುಂಬುವ ಎಲ್‌ಡಿಐ ಸೂಚನೆ ಆರ್16ರಿಂದ ಮೇಲಿನವಕ್ಕೆ ಮಾತ್ರ ನಡೆಯುತ್ತದೆ. ಎವಿಆರ್ ಅಸೆಂಬ್ಲಿ ಕಲಿತವರ ಕೈ ಹಾಗಾಗಿ ಮೊದಲು ಆರ್16ಕ್ಕೇ ಹೋಗುತ್ತದೆ. ಸಿ ಜೊತೆ ಸೇರಿಸಿದಾಗ ಅದೇ ರಿಜಿಸ್ಟರ್ ಇನ್ನೊಬ್ಬರದು. ಹಳೆಯ ಫೈಲ್ ಯಾವುದೇ ಇರಲಿ, ಜೋಡಿಸುವ ಮುಂಚೆ ಮೊದಲು ಹುಡುಕಬೇಕಾದ ಪದ ಇದು.

6 ದಿನ ಮುಂಚೆ: ಪುಶ್-ಪಾಪ್, ಎರಡು ಸಲ ಕೆಟ್ಟಿತು

ಮೊದಲ ಪ್ರಯತ್ನ: ರುಟೀನಿನ ತಲೆಯಲ್ಲಿ ಪುಶ್ ಆರ್16, ಪುಶ್ ಆರ್17, ಕೊನೆಯಲ್ಲಿ ಪಾಪ್ ಆರ್16, ಪಾಪ್ ಆರ್17. ಕೊನೆಗೆ ಇಟ್ಟದ್ದು ಮೊದಲು ಬರುತ್ತದೆ, ಆದ್ದರಿಂದ ಎರಡೂ ಅದಲು ಬದಲಾದವು. ಪಾಪ್ ಯಾವಾಗಲೂ ತಿರುಗಾ ಕ್ರಮದಲ್ಲಿ.

ಕ್ರಮ ಸರಿಪಡಿಸಿದ ಮೇಲೆ ಬೋರ್ಡ್ ಆನ್ ಮಾಡಿದ ಕೂಡಲೆ ಎಲ್ಲಿಗೋ ಹಾರಿ ನಿಂತಿತು. ಬಫರ್ ಇನ್ನೂ ತುಂಬಿರದಿದ್ದರೆ ಸೊನ್ನೆ ಕೊಟ್ಟು ನಡುವಿನಿಂದಲೇ ತಿರುಗುವ ಇನ್ನೊಂದು ರೆಟ್ (ಹಿಂತಿರುಗುವ ಸೂಚನೆ) ರುಟೀನಿನಲ್ಲಿತ್ತು. ಆ ದಾರಿಯಲ್ಲಿ ಪಾಪ್ ಹಾಕಿರಲಿಲ್ಲ. ಕರೆ ಮಾಡಿದಾಗ ಹಿಂತಿರುಗುವ ವಿಳಾಸ ಸ್ಟ್ಯಾಕಿನಲ್ಲಿ 2 ಬೈಟ್ ಕೂರುತ್ತದೆ. ಅದರ ಮೇಲೆ ನಮ್ಮ 2 ಬೈಟ್. ರೆಟ್ ಮೇಲಿನ ಎರಡನ್ನೇ ವಿಳಾಸ ಎಂದು ಎತ್ತಿಕೊಂಡಿತು. ಆನ್ ಮಾಡಿದಾಗ ಬಫರ್ ಖಾಲಿಯೇ ಇರುವುದರಿಂದ ಮೊದಲ ಕರೆಗೇ ಬಿದ್ದಿತು. ಇದು ಅದೃಷ್ಟ, ವರ್ಷಕ್ಕೊಮ್ಮೆ ಹಾಯುವ ದಾರಿಯಾಗಿದ್ದರೆ ಮಿಲ್ ನಡೆಯುವಾಗ ಬೀಳುತ್ತಿತ್ತು.

ಮೂರನೆಯದಾಗಿ ಪುಶ್-ಪಾಪ್ ಪೂರ್ತಿ ಕಿತ್ತು ಹಾಕಿದೆವು. ಈ ರುಟೀನ್ ತಾನು ಬೇರೆ ಯಾರನ್ನೂ ಕರೆಯುವುದಿಲ್ಲ. ಅಂಥದ್ದಕ್ಕೆ ಉಳಿಸಬೇಕಾದ ರಿಜಿಸ್ಟರ್ ಮುಟ್ಟುವ ಅಗತ್ಯವೇ ಇಲ್ಲ. ಆರ್16 ಇದ್ದಲ್ಲಿ ಆರ್20. ಆರ್17ರ ಸೊನ್ನೆಗೆ ಬದಲು ಆರ್1. ಎಲ್‌ಡಿಐ ಆರ್20ಕ್ಕೂ ನಡೆಯುತ್ತದೆ. ಪುಶ್-ಪಾಪ್ ಉಳಿಸಿಕೊಂಡಿದ್ದರೆ 4 ಸೂಚನೆ, 8 ಬೈಟ್, 8 ಸೈಕಲ್, ಅಂದರೆ ಅರ್ಧ ಮೈಕ್ರೊಸೆಕೆಂಡ್ ಖರ್ಚು. ಉಳಿತಾಯ ದೊಡ್ಡದಲ್ಲ, ಆದರೆ ಮರೆಯಬಹುದಾದ ಪಾಪ್ ಒಂದೂ ಉಳಿಯಲಿಲ್ಲ.

8 ಓದುಗಳ ಮೊತ್ತ 1,00,000ದ ಆಸುಪಾಸು ಬರುವುದರಿಂದ 16 ಬಿಟ್ ಸಾಲದು, ಮೂರನೇ ಬೈಟ್ ಆರ್18ರಲ್ಲಿದೆ. ಪ್ರತಿ ಸಲ ಆರ್18ಕ್ಕೆ ಆರ್1ನ್ನು ಕ್ಯಾರಿ (ಕೆಳಗಿನ ಬೈಟಿನಲ್ಲಿ ಹಿಡಿಸದೆ ಮೇಲಕ್ಕೆ ಹೋಗುವ ಒಂದು) ಸಮೇತ ಕೂಡಿಸುತ್ತದೆ. ಕೊನೆಗೆ ಮೂರು ಸಲ ಬಲಕ್ಕೆ ಸರಿಸಿದರೆ ಸರಾಸರಿ. ಆರ್1 ಕೂಡಿಸುವ ಸಾಲು ಮುಂದೆ ಬೇಕಾಗುತ್ತದೆ.

5 ದಿನ ಮುಂಚೆ: ಪರೀಕ್ಷೆ ಹಾಕುವ ಹೊದಿಕೆ

ಕಣ್ಣಿನಿಂದ ಲಿಸ್ಟಿಂಗ್ ಓದುವುದನ್ನು ನಂಬಬಾರದು ಎಂದು ಒಂದು ಚಿಕ್ಕ ಅಸೆಂಬ್ಲಿ ಹೊದಿಕೆ ಬರೆದೆವು. ಮೊದಲು ಅದು ತಾನೇ 18 ರಿಜಿಸ್ಟರನ್ನು ಪುಶ್ ಮಾಡುತ್ತದೆ. ಆಮೇಲೆ ಎಲ್ಲವಕ್ಕೂ ಗುರುತಿನ ಅಂಕಿ ತುಂಬಿ, ಪರೀಕ್ಷಿಸಬೇಕಾದ ರುಟೀನನ್ನು ಕರೆದು, ಬಂದ ಮೇಲೆ ಒಂದೊಂದಾಗಿ ಹೋಲಿಸುತ್ತದೆ. ಜೊತೆಗೆ ಆರ್1 ಸೊನ್ನೆಯೇ, ಸ್ಟ್ಯಾಕ್ ಪಾಯಿಂಟರ್ ಮೊದಲಿದ್ದಲ್ಲೇ ಇದೆಯೇ ಎಂದೂ ನೋಡುತ್ತದೆ. ಕರೆಗೆ ಮುಂಚೆ 13ನೇ ಪಿನ್‌ನ ಎಲ್‌ಇಡಿ ಹಚ್ಚಿ, ಬಂದ ಮೇಲೆ ಆರಿಸುತ್ತದೆ. ಎಲ್‌ಇಡಿ ಉರಿದೇ ಉಳಿದರೆ ರುಟೀನ್ ಮನೆಗೆ ಬರಲೇ ಇಲ್ಲ ಎಂದರ್ಥ.

ಇದರಲ್ಲೂ ಒಂದು ತಪ್ಪಾಯಿತು. ಗುರುತಿನ ಅಂಕಿಯಾಗಿ ಎಲ್ಲದಕ್ಕೂ ಸೊನ್ನೆ ತುಂಬಿದ್ದೆವು. ಹಳೆಯ, ಕೆಟ್ಟದ್ದೆಂದು ಗೊತ್ತಿದ್ದ ರುಟೀನನ್ನೇ ಕೊಟ್ಟರೂ "ಸರಿ" ಎಂದಿತು. ಆ ರುಟೀನ್ ಮುಗಿಯುವಾಗ ಆರ್16 ಇಳಿದು ಸೊನ್ನೆ, ಆರ್17 ಮೊದಲೇ ಸೊನ್ನೆ! ಈಗ ಪ್ರತಿ ರಿಜಿಸ್ಟರಿಗೆ 100 ಕೂಡಿಸಿ ಅದರ ನಂಬರ್: ಆರ್2ಕ್ಕೆ 102, ಆರ್29ಕ್ಕೆ 129. ಆರ್2ರಿಂದ ಆರ್15ರವರೆಗೆ ಎಲ್‌ಡಿಐ ನಡೆಯುವುದಿಲ್ಲವಾದ್ದರಿಂದ ಆರ್16ರಲ್ಲಿ ತುಂಬಿ ಅಲ್ಲಿಂದ ಸಾಗಿಸಬೇಕು, ಆರ್16 ಮತ್ತು ಆರ್17ನ್ನು ಕೊನೆಗೆ ತುಂಬಬೇಕು. ಹೊದಿಕೆ ಬರೆದವರು ಮೊದಲು ಕೆಟ್ಟ ರುಟೀನನ್ನೇ ಕೊಟ್ಟು, ಅದು ಹಿಡಿಯುತ್ತದೆಯೇ ನೋಡಿಕೊಳ್ಳಬೇಕು. ಹೊಸ ಗುರುತಿನಿಂದ ಹಳೆಯ ರುಟೀನಿಗೆ "16, 17" ಎಂದು ಬಂತು. ತಿದ್ದಿದ್ದಕ್ಕೆ ಏನೂ ಬರಲಿಲ್ಲ.

4 ದಿನ ಮುಂಚೆ: ರಿಲೇ ತಾನೇ ಬಿಡುತ್ತದೆ, ಅಂಕಿ 24

ಗುಣಾಕಾರದ ರುಟೀನನ್ನು ಹೊದಿಕೆಗೆ ಹಾಕದೆ ಜೋಡಿಸಿದೆವು. ಮೂರೇ ಸಾಲು, ಆರ್16 ಇಲ್ಲ, ಏನಾಗುತ್ತದೆ ಎಂಬ ಧೈರ್ಯ. ಸತತ 5 ಸಲ ವೇಗ ಕಡಿಮೆ ಕಂಡರೆ ರಿಲೇ ಬಿಡಬೇಕು, ಒಮ್ಮೆ ಸರಿ ಕಂಡರೆ ಎಣಿಕೆ ಸೊನ್ನೆಗೆ ಬರಬೇಕು. ಆದದ್ದು ತಿರುಗಾ: ವೇಗ 75 ಸರಿಯಾಗಿದ್ದಾಗಲೇ ರಿಲೇ ಬಿಟ್ಟಿತು. ಎಣಿಕೆಯನ್ನು ಎಲ್‌ಸಿಡಿಗೆ ತಂದು ನೋಡಿದರೆ 24. -ಓ0ಯಲ್ಲೂ ಅದೇ, ಹಾಗಾಗಿ ಇದು ಮೊದಲಿನ ಜಾತಿಯ ದೋಷವಲ್ಲ.

24 ಎಂಬುದೇ ಸುಳಿವಾಯಿತು. 75 ಗುಣಿಸು 85 ಎಂದರೆ 6,375. ಅದನ್ನು ಎರಡು ಬೈಟಾಗಿ ಒಡೆದರೆ ಮೇಲಿನದು 24, ಕೆಳಗಿನದು 231. ಎಮ್‌ಯುಎಲ್ ಸೂಚನೆ ಉತ್ತರವನ್ನು ಆರ್1-ಆರ್0ರಲ್ಲೇ ಇಡುತ್ತದೆ, ಬೇರೆ ಕಡೆ ಇಡು ಎನ್ನಲು ಬರುವುದಿಲ್ಲ. ಉತ್ತರ ಎತ್ತಿಕೊಂಡು ಆರ್1ನ್ನು ಹಾಗೇ ಬಿಟ್ಟು ಬಂದಿದ್ದೆವು. ಎಣಿಕೆಗೆ ಸೊನ್ನೆ ಬರೆಯಬೇಕಾದಲ್ಲಿ ಕಂಪೈಲರ್ ಬೇರೆ ಸೊನ್ನೆ ಮಾಡಿಕೊಳ್ಳುವುದಿಲ್ಲ, ಆರ್1ನ್ನೇ ಮೆಮೊರಿಗೆ ಬರೆಯುತ್ತದೆ. 24 ಬರೆಯಿತು; 24 ಐದಕ್ಕಿಂತ ಹೆಚ್ಚು; ರಿಲೇ ಬಿಟ್ಟಿತು.

ತಿದ್ದಿದ ರುಟೀನ್ ಪೂರ್ತಿ ಇಷ್ಟು:

ಎಮ್‌ಯುಎಲ್ ಆರ್24, ಆರ್22
ಮೂವ್‌ಡಬ್ಲ್ಯು ಆರ್24, ಆರ್0
ಸಿಎಲ್‌ಆರ್ ಆರ್1
ರೆಟ್

ಮೊದಲ ಆರ್ಗ್ಯುಮೆಂಟ್ ಆರ್24ರಲ್ಲಿ, ಎರಡನೆಯದು ಆರ್22ರಲ್ಲಿ ಬರುತ್ತದೆ, 16 ಬಿಟ್ ಉತ್ತರ ಆರ್25-ಆರ್24ರಲ್ಲಿ ಹೋಗಬೇಕು. ಹೊಸದಾಗಿ ಸೇರಿದ್ದು ಮೂರನೇ ಸಾಲು ಮಾತ್ರ, ಒಂದು ಸೈಕಲ್.

ಆದರೆ ಆರ್1 ಕೆಟ್ಟಿದ್ದರೂ ಬೇರೆ ಯಾವ ಅಂಕಿಯೂ ಯಾಕೆ ಕೆಡಲಿಲ್ಲ? ಸರಾಸರಿ ರುಟೀನ್ ಕೂಡ ಈಗ ಆರ್1ನ್ನೇ ನಂಬಿತ್ತಲ್ಲ? ಇದಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಲಿಲ್ಲ. ಲೂಪ್ 8 ಸಲ ಸುತ್ತುತ್ತದೆ, ಪ್ರತಿ ಸಲ ಆರ್18ಕ್ಕೆ ಹೆಚ್ಚುವರಿ 24 ಸೇರುತ್ತದೆ, ಒಟ್ಟು 192. ಆಮೇಲೆ 3 ಬಿಟ್ ಬಲಕ್ಕೆ ಸರಿಸಿದಾಗ ಆರ್18ರಿಂದ ಉತ್ತರಕ್ಕೆ ಇಳಿಯುವುದು ಅದರ ಕೆಳಗಿನ 3 ಬಿಟ್ ಮಾತ್ರ. 8ರಿಂದ ಗುಣಿಸಿದ ಯಾವ ಅಂಕಿಗೂ ಕೆಳಗಿನ 3 ಬಿಟ್ ಸೊನ್ನೆ. ಆರ್1ರಲ್ಲಿ ಏನೇ ಕಸ ಇದ್ದರೂ ಸರಾಸರಿ ಸರಿಯಾಗಿಯೇ ಬರುತ್ತದೆ! ಅದಾದ ಮೇಲೆ ಬರುವ 32 ಬಿಟ್ ಭಾಗಾಕಾರಕ್ಕೆ ಕಂಪೈಲರ್ ತನ್ನ ಲೈಬ್ರರಿ ರುಟೀನನ್ನು ಕರೆಯುತ್ತದೆ. ಅದು ಆರ್1ನ್ನು ಲೂಪಿನ ಎಣಿಕೆಗೆ ಬಳಸಿಕೊಳ್ಳುತ್ತದೆ, ಲೂಪ್ ಮುಗಿದಾಗ ಆರ್1 ತಾನಾಗಿ ಸೊನ್ನೆ. ಹೀಗೆ ಗುಣಾಕಾರದಿಂದ ಮುಂದಿನ ಭಾಗಾಕಾರದವರೆಗೆ ಮಾತ್ರ ಆರ್1 ಕೆಟ್ಟಿರುತ್ತಿತ್ತು, ಆ ನಡುವೆ ಅದರ ಪೆಟ್ಟು ತಗುಲುವ ಸಾಲು ಇದ್ದದ್ದು ಒಂದೇ.

ಹೊದಿಕೆಗೆ ಹಾಕಿದ್ದರೆ ಆರ್1ರ ಪರೀಕ್ಷೆ ಮೊದಲ ಕರೆಗೇ ಹಿಡಿಯುತ್ತಿತ್ತು. ಮೂರು ಸಾಲಿನದ್ದಾದರೂ ಹಾಕಿಯೇ ಜೋಡಿಸಬೇಕು.

3 ದಿನ ಮುಂಚೆ: ಇಂಟರಪ್ಟ್

ಮೊದಲ ಸೆನ್ಸರಿನ ಇಂಟರಪ್ಟ್ (ಪಲ್ಸ್ ಬಂದ ಕೂಡಲೆ, ನಡೆಯುತ್ತಿದ್ದುದನ್ನು ನಿಲ್ಲಿಸಿ ಓಡುವ ತುಂಡು) ಲಿಸ್ಟಿಂಗಿನಲ್ಲಿ 15 ಪುಶ್ ಕಂಡವು. ಇಂಟರಪ್ಟ್‌ಗೆ ಕರೆಯುವವನೇ ಇಲ್ಲ, ಎಲ್ಲಿ ಬೇಕಾದರೂ ನುಗ್ಗುತ್ತದೆ; ಎತ್ತಿಟ್ಟುಕೊಳ್ಳುವ ಅರ್ಧ ಹೊಣೆ ಹೊರಲು ಇನ್ನೊಬ್ಬರಿಲ್ಲ. ನಾವು ಅದರೊಳಗಿಂದ ಬೇರೆ ಫೈಲಿನ ಫಂಕ್ಷನ್ ಕರೆದಿದ್ದೆವು. ಆ ಫಂಕ್ಷನ್ 12 ರಿಜಿಸ್ಟರನ್ನೂ ಕೆಡಿಸಬಹುದು ಎಂದುಕೊಂಡು ಕಂಪೈಲರ್ 12ನ್ನೂ, ಜೊತೆಗೆ ಆರ್0, ಆರ್1, ಫ್ಲ್ಯಾಗ್‌ಗಳ (ಹಿಂದಿನ ಲೆಕ್ಕ ಸೊನ್ನೆಯೇ, ಕ್ಯಾರಿ ಬಂತೇ ಎಂಬ ಗುರುತುಗಳ) ಎಸ್‌ರೆಗ್ ಅನ್ನೂ ಉಳಿಸಿತ್ತು. ಒಳಗಿನ ಕೆಲಸ ಬಿಟ್ಟು, ಹೋಗಿಬರುವ ಖರ್ಚೇ 74 ಸೈಕಲ್, 4.6 ಮೈಕ್ರೊಸೆಕೆಂಡ್. ಫಂಕ್ಷನ್ನನ್ನು ಅದೇ ಫೈಲಿಗೆ ತಂದು ಸ್ಟ್ಯಾಟಿಕ್ ಇನ್‌ಲೈನ್ (ಕರೆಯದೆ ಅಲ್ಲೇ ಸೇರಿಸುವಂತೆ) ಮಾಡಿದ ಮೇಲೆ ಪುಶ್ 10ಕ್ಕೆ ಇಳಿಯಿತು.

ಅಲ್ಲಿಗೇ ಬಿಡಬೇಕಿತ್ತು. ಎರಡನೇ ಸೆನ್ಸರಿನ ಪಲ್ಸ್ ಎಣಿಸುವ ಪರೀಕ್ಷಾ ಇಂಟರಪ್ಟನ್ನು 'ನೇಕೆಡ್' ಎಂದು ಘೋಷಿಸಿ ಕೈಯಿಂದ ಬರೆದೆವು: ಪುಶ್ ಆರ್24, ಎಣಿಕೆ ತಾ, ಒಂದು ಕೂಡಿಸು, ವಾಪಸ್ ಇಡು, ಪಾಪ್ ಆರ್24, ರೆಟಿಐ (ಇಂಟರಪ್ಟಿನಿಂದ ಹಿಂತಿರುಗು). 'ನೇಕೆಡ್' ಎಂದರೆ ಕಂಪೈಲರ್ ಏನನ್ನೂ ಉಳಿಸುವುದಿಲ್ಲ. ಆರ್24 ಉಳಿಸಿದೆವು, ಎಸ್‌ರೆಗ್ ಮರೆತೆವು. ಒಂದು ಕೂಡಿಸುವ ಐಎನ್‌ಸಿ ಸೂಚನೆ ಸೊನ್ನೆಯ ಫ್ಲ್ಯಾಗ್ ಬದಲಿಸುತ್ತದೆ. ಮುಖ್ಯ ಪ್ರೋಗ್ರಾಂ ಹೋಲಿಕೆ ಮಾಡಿ, ಅದರ ಮೇಲೆ ಕವಲೊಡೆಯುವ ಮುಂಚಿನ ಆ ಒಂದು ಸೂಚನೆಯ ಸಂದಿಯಲ್ಲಿ ಇಂಟರಪ್ಟ್ ಬಂದರೆ "ಸಮ" ಎಂಬುದು "ಸಮ ಅಲ್ಲ" ಆಗುತ್ತದೆ.

ಸೆಕೆಂಡಿಗೆ 5 ಪಲ್ಸ್ ಕೊಟ್ಟು ಇಡೀ ಸಂಜೆ ಕಾದರೂ ತಪ್ಪು ಬರಲಿಲ್ಲ. ಎರಡನೇ ಉನೋದಿಂದ 10 ಕಿಲೋಹರ್ಟ್ಸ್ ಕೊಟ್ಟಾಗ ಮೊದಲ ನಿಮಿಷದಲ್ಲೇ ಬಂತು. ಅನಲೈಸರಿನ ಎರಡು ಚಾನೆಲ್‌ನಲ್ಲಿ ಪಲ್ಸ್ ಮತ್ತು ತಪ್ಪು ಕವಲಿನ ಪಿನ್ ಒಟ್ಟಿಗೆ ನೋಡಿದಾಗ ಪ್ರತಿ ತಪ್ಪಿನ ಮುಂಚೆಯೂ ಒಂದು ಪಲ್ಸ್ ಇತ್ತು. 10 ಕಿಲೋಹರ್ಟ್ಸ್ ಮಿಲ್ಲಿನ ವೇಗದ 2,000 ಪಟ್ಟು, ಮೇಜಿನ ಮೇಲಿನ ಒಂದು ನಿಮಿಷ ಅಲ್ಲಿಯ 33 ತಾಸಿಗೆ ಸಮ. ಹಚ್ಚಿ ಬಂದಿದ್ದರೆ ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಕಾರಣವಿಲ್ಲದೆ ಫೀಡ್ ನಿಲ್ಲುತ್ತಿತ್ತು, ದೂರು ಕರೆಂಟಿನ ಮೇಲೆ ಹೋಗುತ್ತಿತ್ತು.

'ನೇಕೆಡ್' ತೆಗೆದು ಕಂಪೈಲರಿಗೇ ಬಿಟ್ಟೆವು. 200 ಮಿಲಿಸೆಕೆಂಡಿಗೊಮ್ಮೆ ಬರುವ ಇಂಟರಪ್ಟಿನಲ್ಲಿ ಮೂರು ಮೈಕ್ರೊಸೆಕೆಂಡ್ ಉಳಿಸಲು ಹೋಗಿದ್ದು ಬೇಡದ ಕೆಲಸ. ಸರಾಸರಿಗೆ ಕೊಡುವ ಬಫರನ್ನು ಮಾತ್ರ ಇಂಟರಪ್ಟ್ ತಡೆದು ನಕಲು ಮಾಡಿ ಕೊಡುತ್ತೇವೆ, 16 ಬಿಟ್ ಓದುವ ನಡುವೆ ಬದಲಾಗಬಾರದೆಂದು.

ಇದೇ ಪ್ರೋಗ್ರಾಮನ್ನು ಕಾರ್ಟೆಕ್ಸ್-ಎಂ3 (ಬೇರೆ ಜಾತಿಯ, 32 ಬಿಟ್ ಚಿಪ್) ಬೋರ್ಡಿಗೆ ಒಯ್ಯುವವರಿಗೆ: ಅಲ್ಲಿ ಇಂಟರಪ್ಟ್ ಬಂದಾಗ ಆರ್0ರಿಂದ ಆರ್3, ಆರ್12, ಹಿಂತಿರುಗುವ ವಿಳಾಸಗಳು, ಫ್ಲ್ಯಾಗ್‌ಗಳು, ಒಟ್ಟು 8 ಪದ, 32 ಬೈಟನ್ನು ಚಿಪ್ಪೇ ಸ್ಟ್ಯಾಕಿಗೆ ಹಾಕುತ್ತದೆ. ಎಸ್‌ರೆಗ್ ಮರೆಯುವ ಈ ತಪ್ಪು ಅಲ್ಲಿ ಆಗುವುದಿಲ್ಲ. ಆದರೆ ಆರ್4ರಿಂದ ಆರ್11ರವರೆಗೆ ಕರೆಸಿಕೊಂಡ ಫಂಕ್ಷನ್ನೇ ಕಾಯಬೇಕು, ಹೊದಿಕೆಯ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು.

ಎಳ್ಳಮಾಸಿ

ಹಮಾಲರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರಿಂದ ಮಿಲ್ ಬಂದ್. ಹಂಗಾಮಿನಲ್ಲಿ ಎಲಿವೇಟರ್ ನಿಲ್ಲುವ ದಿನ ಇದೊಂದೇ ಸಿಕ್ಕಿತು. ಸೆನ್ಸರಿಗೂ ಬೋಲ್ಟಿನ ತಲೆಗೂ ನಡುವೆ 2.5 ಮಿ.ಮೀ. ಬಿಟ್ಟು ಬಿಗಿದೆವು. ಇದರ ಹಿಡಿತ 4 ಮಿ.ಮೀ., ಆದರೆ ಶಾಫ್ಟ್ ಅರ್ಧ ಮಿ.ಮೀ. ಓಲಾಡುತ್ತದೆ. ಆಪ್ಟೊಕಪ್ಲರಿಗೆ 12 ವೋಲ್ಟಿನಿಂದ 1.5 ಕಿಲೋಓಮ್, ಸುಮಾರು 7 ಮಿಲಿಆಂಪ್. ಶೀಲ್ಡನ್ನು ಡಬ್ಬಿಯ ಕಡೆ ಮಾತ್ರ ಅರ್ಥ್ ಮಾಡಿದ್ದು. ಖಾಲಿ ಓಡಿಸಿದಾಗ ಮೇಲಿನ ಸಾಲು 75, ಕೆಳಗಿನದು 74.

2 ದಿನದ ಮೇಲೆ

ತೊಗರಿ ತುಂಬಿ ಓಡಿಸಿದಾಗ 73, 73. ಮಿಸ್ತ್ರಿ ಟೆನ್ಷನ್ ಬೋಲ್ಟ್ ಸಡಿಲಿಸಿ ಬೇಕೆಂದೇ ಬೆಲ್ಟ್ ಜಾರಿಸಿದರು. ವೇಗ 61ಕ್ಕೆ ಇಳಿದು ಐದನೇ ಓದಿಗೆ ರಿಲೇ ಬಿಟ್ಟಿತು, ಫೀಡ್ ನಿಂತಿತು, ಬೂಟ್ ತುಂಬಲಿಲ್ಲ. ಬಿಗಿದ ಮೇಲೆ ಎಣಿಕೆ ಸೊನ್ನೆ.

ಹೊಟ್ಟಿನ ಕಡೆಯ ಮೂರನೇ ಎಲಿವೇಟರಿಗೂ ಸೆನ್ಸರ್ ಕೇಳಿದ್ದಾರೆ. ಈ ಚಿಪ್ಪಿನ ಎರಡು ಬಾಹ್ಯ ಇಂಟರಪ್ಟ್ ಪಿನ್ ಮುಗಿದಿವೆ, ಮೂರನೆಯದು ಪಿನ್ ಚೇಂಜ್ ಇಂಟರಪ್ಟ್ ಮೇಲೆ ಬರಬೇಕು. ಅದು ಏರುವಾಗಲೂ ಇಳಿಯುವಾಗಲೂ ಬರುವುದರಿಂದ ಪಿನ್ ಮಟ್ಟ ಓದಿ ಒಂದನ್ನು ಬಿಡಬೇಕಾಗುತ್ತದೆ. ಸೆನ್ಸರ್ ಬಂದಿದೆ. ಹೊಸ ರುಟೀನ್ ಸಿ ಭಾಷೆಯಲ್ಲೇ ಬರೆದು 10 ಕಿಲೋಹರ್ಟ್ಸ್ ಪರೀಕ್ಷೆಗೆ ಹಾಕಿದ್ದೇವೆ.